ಕಂಪನಿಯಲ್ಲಿ ಗಿಟ್: ಮೊದಲ ಬ್ರಾಂಚ್‌ನಿಂದ ರಿಲೀಸ್‌ವರೆಗೆ ಯಾವುದಾದ ಮೇಲೆ ಯಾವುದು

ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಕಾಪಾಡುವ ಸಾಧನ. ಹೊಸದಾಗಿ ಟೀಮ್ ಸೇರಿದವರಿಗೆ ಅದರ ಕಮಾಂಡ್ ಗೊತ್ತಿಲ್ಲ ಅಂತೇನಿಲ್ಲ. ಕ್ಲೋನ್ (ಪೂರ್ತಿ ಪ್ರತಿ ಇಳಿಸಿಕೊಳ್ಳುವುದು), ಆ್ಯಡ್ (ಬದಲಾವಣೆ ಆರಿಸುವುದು), ಕಮಿಟ್ (ಅದನ್ನು ದಾಖಲಿಸುವುದು), ಪುಶ್ (ಸರ್ವರ್‌ಗೆ ಕಳಿಸುವುದು) ಎಲ್ಲ ಬಾಯಿಪಾಠ. ಆದರೂ ಎರಡನೇ ವಾರಕ್ಕೆ ಅದೇ ಗೋಳು ಶುರು. ಪುಲ್ ರಿಕ್ವೆಸ್ಟ್‌ನಲ್ಲಿ, ಅಂದರೆ ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ, ತಾವು ಮುಟ್ಟದ 40 ಫೈಲ್ ಬಂದು ಕೂತಿರುತ್ತವೆ. ಕಾನ್‌ಫ್ಲಿಕ್ಟ್ (ಇಬ್ಬರು ಒಂದೇ ಜಾಗವನ್ನು ಬೇರೆ ಬೇರೆ ರೀತಿ ಬದಲಿಸಿದಾಗ ಬರುವ ಜಗಳ) ಬಿಡಿಸುವಾಗ ಪಕ್ಕದವರ ಕೋಡ್ ಮಾಯವಾಗಿರುತ್ತದೆ. ಪುಶ್ ಆಗುತ್ತಿಲ್ಲ ಎಂದು ಫೋರ್ಸ್ ಕೊಟ್ಟು ಇನ್ನೊಬ್ಬರ ಎರಡು ದಿನದ ಕೆಲಸ ಅಳಿಸಿರುತ್ತಾರೆ.

ನಾನು ನೋಡಿದ ಮಟ್ಟಿಗೆ ತಪ್ಪುವುದು ಕಮಾಂಡ್ ಅಲ್ಲ, ಕ್ರಮ. ಒಬ್ಬರೇ ಕೂತು ಕೋಡ್ ಬರೆಯುವಾಗ ಕ್ರಮ ತಪ್ಪಿದರೂ ನಡೆಯುತ್ತದೆ. ಅದೇ ರೆಪೊದಲ್ಲಿ (ಕೋಡ್ ಮತ್ತು ಅದರ ಇತಿಹಾಸ ಇರುವ ಸಂಗ್ರಹ) 20 ಜನ ಕೈಯಾಡಿಸುವಾಗ ನಡೆಯಲ್ಲ. ಹಾಗಾಗಿ ಇಲ್ಲಿ ಒಂದು ಬದಲಾವಣೆ ಹುಟ್ಟಿ ರಿಲೀಸ್ ಸೇರುವವರೆಗಿನ ದಾರಿಯನ್ನು ಹಂತ ಹಂತವಾಗಿ ಹಿಡಿದಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.

## ಶುರು ಮಾಡುವ ಮೊದಲು

ಗಿಟ್ 2.35 ಅಥವಾ ಅದಕ್ಕಿಂತ ಹೊಸದು ಇರಲಿ. ಕೆಳಗೆ ಬರುವ 'ಸ್ವಿಚ್' ಕಮಾಂಡ್ 2.23ರಲ್ಲಿ ಬಂದದ್ದು, ಕಾನ್‌ಫ್ಲಿಕ್ಟ್ ತೋರಿಸುವ 'ಝಡ್‌ಡಿಫ್3' ಶೈಲಿ 2.35ರಲ್ಲಿ. ಹಳೆಯ ಆವೃತ್ತಿಯಲ್ಲಿ ಇವು ಕೆಲಸ ಮಾಡಲ್ಲ.

ಹೆಸರು ಮತ್ತು ಇಮೇಲ್ ಅನ್ನು ಮೊದಲ ಕಮಿಟ್‌ಗೆ ಮುಂಚೆಯೇ ಹೊಂದಿಸಿ. ಬಹಳ ಜನ ಮನೆಯ ಇಮೇಲ್ ಇಟ್ಟುಕೊಂಡೇ ಕಂಪನಿಯ ರೆಪೊಗೆ ಕಮಿಟ್ ಹಾಕುತ್ತಾರೆ. ಕಮಿಟ್ ಒಳಗೆ ಹೋದ ಇಮೇಲ್ ಅಲ್ಲೇ ಉಳಿಯುತ್ತದೆ. ಆಮೇಲೆ ಬದಲಿಸಬೇಕೆಂದರೆ ಇತಿಹಾಸವನ್ನೇ ತಿದ್ದಿ ಬರೆಯಬೇಕು.

ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ನಿಮ್ಮ ಗುರುತು ತೋರಿಸುವ ಕೀಲಿ ಫೈಲ್) ಮಾಡಿಸಿಕೊಂಡು ಸರ್ವರ್‌ಗೆ ಸೇರಿಸಿ. ರೆಪೊಗಳನ್ನು ಇಡುವ ತಾಣವಾದ ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿದೆ. ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಈಗಲೂ ಇದ್ದಾರೆ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಬಳಸುವ ಟೀಮ್ ಆದರೆ ಇನ್ನೊಂದು ಕೆಲಸ ಇದೆ. ರೆಪೊದಲ್ಲಿ ಗಿಟ್ ಆಟ್ರಿಬ್ಯೂಟ್ಸ್ ಫೈಲ್ ಇದೆಯಾ ನೋಡಿ. ಅದಿಲ್ಲದಿದ್ದರೆ ಸಾಲಿನ ಕೊನೆಯ ಕಣ್ಣಿಗೆ ಕಾಣದ ಅಕ್ಷರಗಳು ಅದಲುಬದಲಾಗುತ್ತವೆ. ಒಂದು ಸಾಲು ತಿದ್ದಿದರೆ ಇಡೀ ಫೈಲ್ ಬದಲಾಗಿದೆ ಅಂತ ತೋರಿಸುತ್ತದೆ.

## ಹಂತ 1: ಮೊದಲು ಮೇನ್ ತಾಜಾ, ಆಮೇಲೆ ಬ್ರಾಂಚ್

ಮೇನ್ ಅಂದರೆ ಎಲ್ಲರ ಕೆಲಸ ಬಂದು ಸೇರುವ ಮುಖ್ಯ ಕವಲು, ಬ್ರಾಂಚ್ ಅಂದರೆ ಅದರಿಂದ ಒಡೆದ ನಿಮ್ಮ ಕವಲು. ಮೂರು ಕಮಾಂಡ್, ಇದೇ ಕ್ರಮದಲ್ಲಿ:

1. ಗಿಟ್ ಸ್ವಿಚ್ ಮೇನ್
2. ಗಿಟ್ ಪುಲ್ --ಎಫ್‌ಎಫ್-ಓನ್ಲಿ
3. ಗಿಟ್ ಸ್ವಿಚ್ -ಸಿ, ಅದರ ಮುಂದೆ ಬ್ರಾಂಚ್ ಹೆಸರು

ಹೆಸರಿನಲ್ಲಿ ಟಿಕೆಟ್ ಸಂಖ್ಯೆ ಮತ್ತು ಎರಡು ಪದ ಸಾಕು: 412-ಲಾಗಿನ್-ಟೈಮ್‌ಔಟ್. 'ಟೆಸ್ಟ್2', 'ನ್ಯೂ-ಬ್ರಾಂಚ್' ಅಂತ ಇಟ್ಟರೆ ಮೂರು ವಾರ ಕಳೆದ ಮೇಲೆ ನಿಮಗೇ ಅದೇನೆಂದು ನೆನಪಿರಲ್ಲ.

ಎರಡನೇ ಕಮಾಂಡ್ ಮೊಂಡು ಹಿಡಿದರೆ ಅದೇ ಮೊದಲ ಎಚ್ಚರಿಕೆ. ಸಾಮಾನ್ಯವಾಗಿ ಅದರ ಅರ್ಥ ಒಂದೇ: ನೀವು ಯಾವಾಗಲೋ ಮರೆತು ಮೇನ್ ಮೇಲೆಯೇ ಕಮಿಟ್ ಮಾಡಿದ್ದೀರಿ. ಗಾಬರಿ ಬೇಡ. ಮೊದಲು ಗಿಟ್ ಬ್ರಾಂಚ್ ಕೊಟ್ಟು ಹೊಸ ಹೆಸರಿನಲ್ಲಿ ಆ ಕಮಿಟ್‌ಗಳನ್ನು ಕಾಪಾಡಿಕೊಳ್ಳಿ. ಆಮೇಲೆ ಮೇನ್ ಅನ್ನು ಸರ್ವರ್‌ನ ಮೇನ್‌ಗೆ ಸರಿಹೊಂದಿಸಲು ಗಿಟ್ ರೀಸೆಟ್ --ಹಾರ್ಡ್ ಆರಿಜಿನ್/ಮೇನ್. ಈ ಎರಡನ್ನು ಹಿಂದುಮುಂದು ಮಾಡಿದರೆ ಕಮಿಟ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಇನ್ನೊಂದು ಮಾತು: ಹಾರ್ಡ್ ರೀಸೆಟ್ ಕಮಿಟ್ ಆಗದ ತಿದ್ದುಪಡಿಗಳನ್ನು ಹೇಳದೆ ಕೇಳದೆ ಅಳಿಸುತ್ತದೆ. ಅದಕ್ಕೆ ಮೊದಲು ಗಿಟ್ ಸ್ಟೇಟಸ್ ನೋಡಲೇಬೇಕು. ನಾನು ಒಂದು ಮಧ್ಯಾಹ್ನದ ಕೆಲಸವನ್ನು ಹೀಗೇ ಕಳೆದುಕೊಂಡು, ಸಂಜೆ ಕೂತು ಮತ್ತೆ ಬರೆದಿದ್ದೇನೆ.

ಬ್ರಾಂಚ್ ತೆರೆದ ತಕ್ಷಣ ಗಿಟ್ ಲಾಗ್ ಆರಿಜಿನ್/ಮೇನ್..ಹೆಡ್ ಕೊಟ್ಟು ನೋಡಿ. ಹೆಡ್ ಅಂದರೆ ನೀವು ಈಗ ನಿಂತಿರುವ ಕಮಿಟ್. ಏನೂ ಬರಬಾರದು. ಏನಾದರೂ ಬಂದರೆ ನೀವು ಮೇನ್‌ನಿಂದ ಕವಲೊಡೆದಿಲ್ಲ, ನಿನ್ನೆಯ ಯಾವುದೋ ಬ್ರಾಂಚ್ ಮೇಲೆ ನಿಂತಿದ್ದೀರಿ. ಮುಟ್ಟದ 40 ಫೈಲ್ ಪುಲ್ ರಿಕ್ವೆಸ್ಟ್‌ಗೆ ಬರುವುದು ಹೆಚ್ಚಾಗಿ ಇಲ್ಲಿಂದಲೇ.

## ಹಂತ 2: ನೋಡಿ ಸೇರಿಸಿ, ಸೇರಿಸಿ ನೋಡಬೇಡಿ

'ಗಿಟ್ ಆ್ಯಡ್' ಪಕ್ಕ ಒಂದು ಚುಕ್ಕಿ ಹಾಕಿ ಎಲ್ಲವನ್ನೂ ಒಟ್ಟಿಗೆ ತುರುಕುವುದು ಒಂದು ಚಟ. ಡೀಬಗ್‌ಗೆ ಹಾಕಿದ ಪ್ರಿಂಟ್ ಸಾಲು, ಎಡಿಟರ್‌ನ ಸೆಟ್ಟಿಂಗ್ ಫೋಲ್ಡರ್, ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ಎಲ್ಲ ಆ ಚುಕ್ಕಿಯ ಹಿಂದೆಯೇ ಒಳಗೆ ಹೋಗುತ್ತವೆ.

ಬದಲಿಗೆ ಹೀಗೆ ಮಾಡಿ. ಗಿಟ್ ಸ್ಟೇಟಸ್ ನೋಡಿ. ಗಿಟ್ ಆ್ಯಡ್ -ಪಿ ಕೊಡಿ. ಅದು ಬದಲಾವಣೆಗಳನ್ನು ಒಂದೊಂದು ತುಣುಕಾಗಿ ಮುಂದಿಟ್ಟು ಕೇಳುತ್ತದೆ. ವೈ ಒತ್ತಿದರೆ ಸೇರಿಸುತ್ತದೆ, ಎನ್ ಒತ್ತಿದರೆ ಬಿಡುತ್ತದೆ, ಎಸ್ ಒತ್ತಿದರೆ ಇನ್ನೂ ಸಣ್ಣದಾಗಿ ಒಡೆಯುತ್ತದೆ. ಕೊನೆಗೆ ಗಿಟ್ ಡಿಫ್ --ಸ್ಟೇಜ್ಡ್ ಕೊಟ್ಟು ಏನು ಹೋಗಲಿದೆ ಎಂದು ಒಮ್ಮೆ ಓದಿ, ಆಮೇಲೆ ಕಮಿಟ್. ಇದಕ್ಕೆಲ್ಲ ಎರಡು ನಿಮಿಷ ಜಾಸ್ತಿ ಹಿಡಿಯಬಹುದು. ಒಂದು ವಿಷಯ ಗಮನದಲ್ಲಿರಲಿ: -ಪಿ ಹೊಸ ಫೈಲ್‌ಗಳನ್ನು ತೋರಿಸಲ್ಲ. ಅವನ್ನು ಹೆಸರು ಕೊಟ್ಟೇ ಸೇರಿಸಬೇಕು. 'ನನ್ನ ಮೆಷಿನ್‌ನಲ್ಲಿ ಓಡ್ತಿದೆ, ಸರ್ವರ್‌ನಲ್ಲಿ ಬಿಲ್ಡ್ ಆಗ್ತಿಲ್ಲ' ಅನ್ನುವ ದೂರು ಬಂದರೆ ನಾನು ಮೊದಲು ಕೇಳುವುದೇ ಇದನ್ನು.

ಗಿಟ್ ಗಮನಿಸಬಾರದ ಫೈಲ್‌ಗಳ ಪಟ್ಟಿ ಇರುವ ಗಿಟ್ ಇಗ್ನೋರ್ ಫೈಲ್ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಈಗಾಗಲೇ ಕಮಿಟ್ ಆಗಿರುವ ಫೈಲ್‌ನ ಹೆಸರನ್ನು ಅದರಲ್ಲಿ ಬರೆದರೆ ಏನೂ ಆಗಲ್ಲ. ಗಿಟ್ ಅದನ್ನು ಗಮನಿಸುತ್ತಲೇ ಇರುತ್ತದೆ. ಗಿಟ್ ಆರ್‌ಎಂ --ಕ್ಯಾಶ್ಡ್ ಕೊಟ್ಟು ಮೊದಲು ಪಟ್ಟಿಯಿಂದ ತೆಗೆಯಬೇಕು.

ಕಮಿಟ್ ಸಂದೇಶದ ಮೊದಲ ಸಾಲು ಸುಮಾರು 50 ಅಕ್ಷರದೊಳಗೆ ಇರಲಿ. ಒಂದು ಸಾಲು ಖಾಲಿ ಬಿಟ್ಟು, ಕೆಳಗೆ ಯಾಕೆ ಎಂದು ಬರೆಯಿರಿ. ಏನು ಬದಲಾಯಿತು ಅಂತ ಕೋಡ್ ನೋಡಿದರೆ ತಿಳಿಯುತ್ತದೆ, ಯಾಕೆ ಅನ್ನುವುದು ನೀವು ಬರೆಯದಿದ್ದರೆ ಯಾರಿಗೂ ತಿಳಿಯಲ್ಲ. 'ಫಿಕ್ಸ್', 'ಫೈನಲ್ ಫಿಕ್ಸ್', 'ಈ ಸಲ ನಿಜವಾಗ್ಲೂ ಫೈನಲ್' ಅನ್ನುವ ಸರಣಿ ಎಲ್ಲ ರೆಪೊಗಳಲ್ಲೂ ಇದೆ ಬಿಡಿ. ನಿಮ್ಮದರಲ್ಲಿ ಕಡಿಮೆ ಇರಲಿ.

ಸಾಲು ಜೋಡಣೆ ಸರಿಪಡಿಸುವುದನ್ನೂ ಲಾಜಿಕ್ ಬದಲಿಸುವುದನ್ನೂ ಒಂದೇ ಕಮಿಟ್‌ನಲ್ಲಿ ಬೆರೆಸಬೇಡಿ. 300 ಸಾಲಿನ ಸ್ಪೇಸ್ ಬದಲಾವಣೆಯ ನಡುವೆ ಒಂದು ಪ್ಲಸ್ ಮೈನಸ್ ಆಗಿದ್ದರೆ ಯಾರ ಕಣ್ಣಿಗೂ ಬೀಳಲ್ಲ.

## ಹಂತ 3: ದಿನಕ್ಕೊಮ್ಮೆ ಮೇನ್ ಜೊತೆ ಮಾತಾಡಿ

ನಿಮ್ಮ ಬ್ರಾಂಚ್ ಎರಡು ವಾರ ಒಂಟಿಯಾಗಿ ಬೆಳೆದರೆ ಸೇರಿಸುವ ದಿನ ಜಗಳ ಗ್ಯಾರಂಟಿ. ದಿನಕ್ಕೊಮ್ಮೆ ಗಿಟ್ ಫೆಚ್ ಕೊಡಿ. ಅದು ಸುದ್ದಿ ಮಾತ್ರ ತರುತ್ತದೆ, ನಿಮ್ಮ ಫೈಲ್ ಮುಟ್ಟಲ್ಲ. ಆಮೇಲೆ ಮೇನ್‌ನ ಹೊಸ ಬದಲಾವಣೆಗಳನ್ನು ಮರ್ಜ್ (ಎರಡು ಕವಲನ್ನು ಜೋಡಿಸುವುದು) ಅಥವಾ ರೀಬೇಸ್ (ನಿಮ್ಮ ಕಮಿಟ್‌ಗಳನ್ನು ಹೊಸ ಮೇನ್ ಮೇಲೆ ಮತ್ತೆ ಇಡುವುದು) ಮೂಲಕ ನಿಮ್ಮ ಬ್ರಾಂಚ್‌ಗೆ ತನ್ನಿ.

ಯಾವುದು ಒಳ್ಳೆಯದು ಅನ್ನುವ ವಾದಕ್ಕೆ ಕೊನೆಯಿಲ್ಲ. ನಿಮ್ಮ ಟೀಮ್‌ನಲ್ಲಿ ಯಾವ ರೂಢಿ ಇದೆಯೋ ಅದನ್ನೇ ಅನುಸರಿಸಿ. ನಿಮಗೆ ಒಂದೇ ನಿಯಮ ಸಾಕು: ಬ್ರಾಂಚ್ ಮೇಲೆ ನೀವೊಬ್ಬರೇ ಇದ್ದರೆ ರೀಬೇಸ್ ಮಾಡಬಹುದು, ಇನ್ನೊಬ್ಬರೂ ಅದರಿಂದ ಪುಲ್ ಮಾಡಿದ್ದರೆ ರೀಬೇಸ್ ಬೇಡ. ರೀಬೇಸ್ ಹಳೆಯ ಕಮಿಟ್‌ಗಳ ಜಾಗದಲ್ಲಿ ಹೊಸ ಗುರುತಿನ ಕಮಿಟ್ ಇಡುತ್ತದೆ. ಹಳೆಯದು ಹಿಡಿದುಕೊಂಡವರ ಕೈಯಲ್ಲಿ ಎರಡೂ ಪ್ರತಿ ಉಳಿದು ಕಲಸುಮೇಲೋಗರ ಆಗುತ್ತದೆ.

ಅರ್ಧ ಕೆಲಸ ಕೈಯಲ್ಲಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕೆ ಎತ್ತಿಡಲು ಗಿಟ್ ಸ್ಟ್ಯಾಶ್ -ಯು. ಆ 'ಯು' ಇಲ್ಲದಿದ್ದರೆ ಹೊಸ ಫೈಲ್‌ಗಳು ಸ್ಟ್ಯಾಶ್‌ಗೆ ಹೋಗಲ್ಲ.

## ಹಂತ 4: ಕಾನ್‌ಫ್ಲಿಕ್ಟ್ ಬಿಡಿಸುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಎಡಿಟರ್‌ನಲ್ಲಿ 'ನನ್ನದು ಇರಲಿ', 'ಅವರದ್ದು ಇರಲಿ' ಅಂತ ಎರಡು ಬಟನ್ ಇರುತ್ತವಲ್ಲ, ಅವೇ ತೊಂದರೆ. ಎರಡರಲ್ಲಿ ಒಂದು ಸರಿ ಇರಲೇಬೇಕು ಅನ್ನುವ ಭ್ರಮೆ ಹುಟ್ಟಿಸುತ್ತವೆ.

ಮೊದಲು ಒಂದು ಸೆಟ್ಟಿಂಗ್: ಗಿಟ್ ಕಾನ್ಫಿಗ್‌ನಲ್ಲಿ ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್ ಅನ್ನು ಝಡ್‌ಡಿಫ್3 ಮಾಡಿ. ಆಗ ಎರಡು ಬದಿಯ ಜೊತೆಗೆ, ಜಗಳ ಶುರುವಾಗುವ ಮೊದಲು ಆ ಸಾಲು ಹೇಗಿತ್ತು ಅನ್ನುವುದೂ ನಡುವೆ ಕಾಣುತ್ತದೆ. ರೀಬೇಸ್ ಮಾಡುವಾಗ ಒಂದು ಸೆಟ್ಟಿಂಗ್ ಫೈಲ್‌ನಲ್ಲಿ ಹೀಗೆ ಬಂತು ಅಂದುಕೊಳ್ಳಿ:

```
<<<<<<< ಹೆಡ್
ಟೈಮ್‌ಔಟ್_ಮಿಲಿಸೆಕೆಂಡ್ = 30000
||||||| ಮೂಲ
ಟೈಮ್‌ಔಟ್ = 30
=======
ಟೈಮ್‌ಔಟ್ = 60
>>>>>>> ನನ್ನ ಕಮಿಟ್
```

ನಡುವಿನ ಸಾಲಿನಿಂದ ಓದಲು ಶುರು ಮಾಡಿ. ಮೂಲದಲ್ಲಿ 30 ಸೆಕೆಂಡ್ ಇತ್ತು. ಮೇಲಿನವರು ಅದನ್ನು ಮಿಲಿಸೆಕೆಂಡ್‌ಗೆ ಬದಲಿಸಿದ್ದಾರೆ, ಹೆಸರೂ ಬದಲಾಗಿದೆ, ಆದರೆ ಅವಧಿ ಅಷ್ಟೇ ಇದೆ. ನೀವು ಹೆಸರು ಮುಟ್ಟಿಲ್ಲ, ಅವಧಿಯನ್ನು ದುಪ್ಪಟ್ಟು ಮಾಡಿದ್ದೀರಿ. 'ಅವರದ್ದು' ಆರಿಸಿದರೆ ನಿಮ್ಮ ಟಿಕೆಟ್ ಕೆಲಸ ಹೋಯಿತು. 'ನನ್ನದು' ಆರಿಸಿದರೆ ಬೇರೆ ಕಡೆ ಹೊಸ ಹೆಸರನ್ನು ಹುಡುಕುವ ಕೋಡ್‌ಗೆ ಅದು ಸಿಗಲ್ಲ. ಎರಡನ್ನೂ ಇಟ್ಟರೆ ಯಾರೂ ಓದದ ಒಂದು ಸಾಲು ಫೈಲ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಸರಿಯಾದ ಉತ್ತರ ತೆರೆಯ ಮೇಲೆ ಎಲ್ಲೂ ಇಲ್ಲ: ಟೈಮ್‌ಔಟ್_ಮಿಲಿಸೆಕೆಂಡ್ = 60000. ಅದನ್ನು ನೀವೇ ಟೈಪ್ ಮಾಡಬೇಕು.

ಪ್ರತಿ ಕಾನ್‌ಫ್ಲಿಕ್ಟ್‌ಗೂ ಕೇಳಬೇಕಾದ ಪ್ರಶ್ನೆ 'ಯಾವುದು ಬೇಕು' ಅಲ್ಲ, 'ಅವರು ಏನು ಮಾಡಲು ಹೊರಟಿದ್ದರು, ನಾನು ಏನು ಮಾಡಲು ಹೊರಟಿದ್ದೆ'. ಅವರ ಉದ್ದೇಶ ಅರ್ಥವಾಗದಿದ್ದರೆ ಗಿಟ್ ಲಾಗ್‌ನಲ್ಲಿ ಆ ಕಮಿಟ್ ಸಂದೇಶ ಓದಿ. ಆಗಲೂ ಆಗದಿದ್ದರೆ ಬರೆದವರನ್ನೇ ಕೇಳಿ. ಎರಡು ನಿಮಿಷದ ಕರೆ, ನಾಚಿಕೆ ಯಾಕೆ?

ಒಂದು ಬಲೆ ಇದೆ, ಹಳಬರೂ ಬೀಳುತ್ತಾರೆ. ಮರ್ಜ್ ಮಾಡುವಾಗ 'ಅವರ್ಸ್' (ಇಂಗ್ಲಿಷ್‌ನ ours, 'ನಮ್ಮದು') ಅಂದರೆ ನಿಮ್ಮ ಬ್ರಾಂಚ್. ರೀಬೇಸ್ ಮಾಡುವಾಗ 'ಅವರ್ಸ್' ಅಂದರೆ ಮೇನ್, 'ಥೇರ್ಸ್' (theirs, 'ಅವರದ್ದು') ಅಂದರೆ ನಿಮ್ಮ ಕಮಿಟ್. ರೀಬೇಸ್‌ನಲ್ಲಿ ಗಿಟ್ ಮೇನ್ ಮೇಲೆ ನಿಂತು ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ತಂದಿಡುತ್ತದೆ, ಅದಕ್ಕೇ ಈ ಉಲ್ಟಾ. ಬಟನ್ ಒತ್ತುವ ಮೊದಲು ನೀವು ಯಾವುದರೊಳಗಿದ್ದೀರಿ ಎಂದು ಗಿಟ್ ಸ್ಟೇಟಸ್ ನೋಡಿ ಖಚಿತ ಮಾಡಿಕೊಳ್ಳಿ.

ಬಿಡಿಸಿದ ಮೇಲೆ ಗಿಟ್ ಡಿಫ್ --ಚೆಕ್ ಕೊಡಿ, ಉಳಿದುಹೋದ ಬಾಣದ ಗುರುತುಗಳಿದ್ದರೆ ಹಿಡಿದುಕೊಡುತ್ತದೆ. ಆಮೇಲೆ ಬಿಲ್ಡ್ ಮತ್ತು ಟೆಸ್ಟ್ ಓಡಿಸಿ. ಕಾನ್‌ಫ್ಲಿಕ್ಟ್ ಬರದೇ ಇದ್ದಾಗಲೂ ಓಡಿಸಿ! ಮೇನ್‌ನಲ್ಲಿ ಯಾರೋ ಒಂದು ಫಂಕ್ಷನ್‌ನ ಹೆಸರು ಬದಲಿಸಿದ್ದಾರೆ, ನೀವು ಬೇರೆ ಫೈಲ್‌ನಲ್ಲಿ ಅದನ್ನೇ ಹಳೆಯ ಹೆಸರಿನಿಂದ ಕರೆದಿದ್ದೀರಿ ಅನ್ನಿ. ಗಿಟ್‌ಗೆ ಸಾಲು ಗೊತ್ತು, ಅರ್ಥ ಗೊತ್ತಿಲ್ಲ. ತೆಪ್ಪಗೆ ಸೇರಿಸಿಬಿಡುತ್ತದೆ.

ಪೂರ್ತಿ ಗೋಜಲಾಯಿತೇ? ಗಿಟ್ ರೀಬೇಸ್ --ಅಬಾರ್ಟ್ ಅಥವಾ ಗಿಟ್ ಮರ್ಜ್ --ಅಬಾರ್ಟ್. ಶುರುವಿನ ಜಾಗಕ್ಕೆ ವಾಪಸ್ ಬರುತ್ತೀರಿ. ಅರ್ಧ ಬಿಡಿಸಿ ಅಂದಾಜಿನಲ್ಲಿ ಮುಂದುವರಿಯುವುದಕ್ಕಿಂತ ಇದು ಎಷ್ಟೋ ವಾಸಿ.

## ಹಂತ 5: ಪುಶ್, ಮತ್ತು ಫೋರ್ಸ್‌ನ ಆಸೆ

ಮೊದಲ ಸಲ ಗಿಟ್ ಪುಶ್ -ಯು ಆರಿಜಿನ್ ಮುಂದೆ ಬ್ರಾಂಚ್ ಹೆಸರು. ಆಮೇಲೆ ಬರೀ ಗಿಟ್ ಪುಶ್.

'ರಿಜೆಕ್ಟೆಡ್, ನಾನ್-ಫಾಸ್ಟ್-ಫಾರ್ವರ್ಡ್' ಅಂತ ಬಂದರೆ ನಿಲ್ಲಿ. ಸರ್ವರ್‌ನಲ್ಲಿ ನಿಮ್ಮ ಬಳಿ ಇಲ್ಲದ ಕಮಿಟ್ ಇದೆ ಅಂತ ಅರ್ಥ. ನೀವೇ ಈಗಷ್ಟೇ ರೀಬೇಸ್ ಮಾಡಿದ್ದರೆ ಅದು ನಿಮ್ಮ ಹಳೆಯ ಕಮಿಟ್‌ಗಳೇ ಇರಬಹುದು. ಮಾಡಿಲ್ಲದಿದ್ದರೆ ಬೇರೆಯವರದ್ದು, ಮೊದಲು ಫೆಚ್ ಮಾಡಿ ನೋಡಿ.

ರೀಬೇಸ್ ಆದ ನಿಮ್ಮದೇ ಬ್ರಾಂಚ್‌ಗೆ ಫೋರ್ಸ್ ಬೇಕಾಗುತ್ತದೆ ನಿಜ. ಬರೀ --ಫೋರ್ಸ್ ಬದಲು --ಫೋರ್ಸ್-ವಿತ್-ಲೀಸ್ ಬಳಸಿ. ನೀವು ಕೊನೆಯ ಸಲ ನೋಡಿದ ಮೇಲೆ ಯಾರಾದರೂ ಅಲ್ಲಿಗೆ ಪುಶ್ ಮಾಡಿದ್ದರೆ ಅದು ತಡೆಯುತ್ತದೆ. ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಎಡಿಟರ್‌ಗಳು ಹಿನ್ನೆಲೆಯಲ್ಲಿ ತಾವೇ ಫೆಚ್ ಮಾಡುತ್ತಿರುತ್ತವೆ. ಆಗ ಗಿಟ್ 'ಇವರು ನೋಡಿದ್ದಾರೆ' ಅಂದುಕೊಂಡು ಬಿಟ್ಟುಬಿಡುತ್ತದೆ.

ಮೇನ್‌ಗೆ ನೇರ ಪುಶ್ ಸಾಧ್ಯವಾಗುತ್ತಿದ್ದರೆ ಅದು ನಿಮ್ಮ ತಪ್ಪಲ್ಲ, ರೆಪೊ ನೋಡಿಕೊಳ್ಳುವವರದ್ದು. ಬ್ರಾಂಚ್ ಪ್ರೊಟೆಕ್ಷನ್ ಹಾಕಲು ಇವತ್ತೇ ಹೇಳಿ.

## ಹಂತ 6: ಪುಲ್ ರಿಕ್ವೆಸ್ಟ್ ಮತ್ತು ರಿವ್ಯೂ

ಗಿಟ್‌ಲ್ಯಾಬ್‌ನಲ್ಲಿ ಇದನ್ನು ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ, ಕೆಲಸ ಒಂದೇ. ಬೇರೆಯವರನ್ನು ಕರೆಯುವ ಮೊದಲು ನೀವೇ ಡಿಫ್ ಪುಟವನ್ನು ಮೇಲಿನಿಂದ ಕೆಳಗೆ ಓದಿ. ಎಡಿಟರ್‌ನಲ್ಲಿ ಕಾಣದ ಕಸ ಅಲ್ಲಿ ಕಾಣುತ್ತದೆ. ತಾನಾಗಿ ಓಡುವ ಟೆಸ್ಟ್‌ಗಳು ಹಸಿರಾದ ಮೇಲೆ ಕರೆಯಿರಿ. ಕೆಂಪಿದ್ದಾಗ ಕರೆದರೆ ಇಬ್ಬರ ಸಮಯವೂ ದಂಡ.

ವಿವರಣೆಯಲ್ಲಿ ಮೂರು ಸಂಗತಿ ಇದ್ದರೆ ಸಾಕು: ಯಾಕೆ ಈ ಬದಲಾವಣೆ, ಹೇಗೆ ಪರೀಕ್ಷೆ ಮಾಡಿದ್ದೀರಿ, ಎಲ್ಲಿ ನಿಮಗೇ ಅನುಮಾನ ಇದೆ. ಮೂರನೆಯದನ್ನು ಯಾರೂ ಬರೆಯಲ್ಲ. ಬರೆದರೆ ರಿವ್ಯೂ ಮಾಡುವವರು ನೇರ ಅಲ್ಲಿಗೇ ಹೋಗುತ್ತಾರೆ.

ಚಿಕ್ಕದಾಗಿರಲಿ. 20 ಸಾಲಿಗೆ ಹತ್ತು ಕಾಮೆಂಟ್ ಬರುತ್ತವೆ, 2000 ಸಾಲಿಗೆ 'ಚೆನ್ನಾಗಿದೆ' ಅಂತ ಒಂದೇ ಕಾಮೆಂಟ್ ಬರುತ್ತದೆ. ಆ 'ಚೆನ್ನಾಗಿದೆ' ಅಂದರೆ 'ಓದಲಿಲ್ಲ' ಅಂತ, ಅಲ್ವಾ?

ರಿವ್ಯೂ ನಡೆಯುತ್ತಿರುವಾಗ ತಿದ್ದುಪಡಿಯನ್ನು ಹೊಸ ಕಮಿಟ್ ಆಗಿ ಹಾಕಿ. ಮಧ್ಯದಲ್ಲಿ ಹಳೆಯದಕ್ಕೇ ಸೇರಿಸಿ ಫೋರ್ಸ್ ಪುಶ್ ಮಾಡಿದರೆ, ಕಳೆದ ಸಲ ಓದಿದ್ದೆಷ್ಟು, ಹೊಸದೆಷ್ಟು ಎಂದು ಓದುವವರಿಗೆ ಗೊತ್ತಾಗಲ್ಲ.

## ಹಂತ 7: ಮರ್ಜ್ ಆಯಿತು, ಬ್ರಾಂಚ್ ಬಿಟ್ಟುಬಿಡಿ

ಅನೇಕ ಟೀಮ್‌ಗಳಲ್ಲಿ ಸ್ಕ್ವಾಶ್ ಮರ್ಜ್ ರೂಢಿಯಲ್ಲಿದೆ. ನಿಮ್ಮ ಏಳೆಂಟು ಕಮಿಟ್ ಒಂದಾಗಿ ಮೇನ್ ಸೇರುತ್ತವೆ. ಆ ಒಂದು ಹೊಸ ಕಮಿಟ್‌ಗೂ ನಿಮ್ಮ ಹಳೆಯ ಕಮಿಟ್‌ಗಳಿಗೂ ಸಂಬಂಧ ಇದೆಯೆಂದು ಗಿಟ್‌ಗೆ ಗೊತ್ತಿಲ್ಲ. ಇದರಿಂದ ಎರಡು ಫಜೀತಿ.

ಮೊದಲನೆಯದು ಸಣ್ಣದು. ಗಿಟ್ ಬ್ರಾಂಚ್ -ಡಿ ಕೊಟ್ಟು ಅಳಿಸಲು ಹೋದರೆ 'ಪೂರ್ತಿ ಮರ್ಜ್ ಆಗಿಲ್ಲ' ಎಂದು ತಕರಾರು ಮಾಡಬಹುದು. ಕೋಡ್ ಮೇನ್‌ನಲ್ಲಿ ಇದೆ ಎಂದು ಕಣ್ಣಾರೆ ನೋಡಿಕೊಂಡು ದೊಡ್ಡ ಡಿ ಬಳಸಿ.

ಎರಡನೆಯದು ತಲೆನೋವು. 'ಇನ್ನೊಂದು ಸಣ್ಣ ಕೆಲಸ ಇದೆ' ಎಂದು ಅದೇ ಹಳೆಯ ಬ್ರಾಂಚ್‌ನಲ್ಲಿ ಮುಂದುವರಿದರೆ, ಮುಂದಿನ ಸಲ ನಿಮ್ಮದೇ ಕೋಡ್ ಜೊತೆ ನಿಮಗೇ ಕಾನ್‌ಫ್ಲಿಕ್ಟ್ ಬರುತ್ತದೆ. ಎರಡೂ ಬದಿಯಲ್ಲಿ ಬಹುತೇಕ ನಿಮ್ಮದೇ ಸಾಲುಗಳು ಕಂಡರೆ ಕಾರಣ ಇದೇ. ಹಂತ 1ಕ್ಕೆ ಹೋಗಿ ಹೊಸ ಬ್ರಾಂಚ್ ತೆರೆಯಿರಿ.

## ಹಂತ 8: ರಿಲೀಸ್ ಮತ್ತು ಹಾಟ್‌ಫಿಕ್ಸ್

ರಿಲೀಸ್ ಆದ ಕಮಿಟ್‌ಗೆ ಗಿಟ್ ಟ್ಯಾಗ್ -ಎ ಕೊಟ್ಟು 1.4.2 ಹೀಗೆ ಹೆಸರಿಡಿ. ಸಾಮಾನ್ಯ ಪುಶ್‌ನಲ್ಲಿ ಟ್ಯಾಗ್ ಹೋಗಲ್ಲ, ಅದನ್ನು ಹೆಸರಿಸಿಯೇ ಕಳಿಸಬೇಕು. ಒಮ್ಮೆ ಹೊರಗೆ ಹೋದ ಟ್ಯಾಗ್ ಅನ್ನು ಬೇರೆ ಕಮಿಟ್‌ಗೆ ಸರಿಸಬೇಡಿ. ತಪ್ಪಾಗಿದ್ದರೆ 1.4.3 ಮಾಡಿ.

ಗ್ರಾಹಕರ ಬಳಿ ಓಡುತ್ತಿರುವುದರಲ್ಲಿ ಬಗ್ ಸಿಕ್ಕರೆ ಮೇನ್‌ನಿಂದ ಅಲ್ಲ, ಆ ಟ್ಯಾಗ್‌ನಿಂದ ಬ್ರಾಂಚ್ ತೆರೆಯಿರಿ. ಇಲ್ಲದಿದ್ದರೆ ಪರೀಕ್ಷೆಯಾಗದ ಹೊಸ ಕೋಡ್ ಎಲ್ಲ ಅದರ ಜೊತೆ ಹೋಗುತ್ತದೆ. ಸರಿಪಡಿಸಿದ ಮೇಲೆ ಗಿಟ್ ಚೆರ್ರಿ-ಪಿಕ್ -ಎಕ್ಸ್ ಬಳಸಿ ಅದೇ ಕಮಿಟ್ ಅನ್ನು ಮೇನ್‌ಗೂ ತನ್ನಿ. ಅವಸರದಲ್ಲಿ ಈ ಎರಡನೇ ಅರ್ಧ ಮರೆತುಹೋಗುತ್ತದೆ. ಮುಂದಿನ ರಿಲೀಸ್‌ನಲ್ಲಿ ಸತ್ತ ಬಗ್ ಎದ್ದು ಬರುವುದು ಹೀಗೆ. ಹಾಟ್‌ಫಿಕ್ಸ್ ಟಿಕೆಟ್ ಮುಚ್ಚುವ ಮೊದಲು 'ಮೇನ್‌ಗೆ ಬಂತಾ' ಎಂದು ಕೇಳುವ ಒಬ್ಬರು ಇರಲಿ.

## ಹಂತ 9: ಕೆಟ್ಟಾಗ

ಮೇನ್ ಸೇರಿದ ಕೋಡ್ ತಪ್ಪಾಗಿದ್ದರೆ ರೀಸೆಟ್ ಬೇಡ, ಗಿಟ್ ರಿವರ್ಟ್. ಇತಿಹಾಸ ಹಾಗೇ ಉಳಿದು, ಆ ಬದಲಾವಣೆಯ ಉಲ್ಟಾ ಹೊಸ ಕಮಿಟ್ ಆಗಿ ಬರುತ್ತದೆ. ಮರ್ಜ್ ಕಮಿಟ್ ಆದರೆ -ಎಂ 1 ಬೇಕು. ಹೀಗೆ ರಿವರ್ಟ್ ಮಾಡಿದ ಬ್ರಾಂಚ್ ಅನ್ನು ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಬದಲಾವಣೆಗಳು ಬರಲ್ಲ, ಹೊಸ ತಿದ್ದುಪಡಿ ಮಾತ್ರ ಬರುತ್ತದೆ. ಮೊದಲು ಆ ರಿವರ್ಟ್ ಕಮಿಟ್ ಅನ್ನೇ ರಿವರ್ಟ್ ಮಾಡಬೇಕು.

ಕಮಿಟ್ ಕಳೆದುಹೋದರೆ ಗಿಟ್ ರೆಫ್‌ಲಾಗ್. ನಿಮ್ಮ ಮೆಷಿನ್‌ನಲ್ಲಿ ಹೆಡ್ ಎಲ್ಲೆಲ್ಲಿ ಓಡಾಡಿದೆ ಅನ್ನುವ ದಿನಚರಿ ಅದು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 90 ದಿನ ಇರುತ್ತದೆ, ಯಾವ ಬ್ರಾಂಚ್‌ಗೂ ಸೇರದೆ ಉಳಿದ ಕಮಿಟ್‌ಗಳ ದಾಖಲೆ 30 ದಿನ. ಅಲ್ಲಿ ಹಳೆಯ ಗುರುತು ಹುಡುಕಿ ಅದರಿಂದ ಬ್ರಾಂಚ್ ತೆರೆದರೆ ಕಮಿಟ್ ವಾಪಸ್. ಕಮಿಟ್ ಆಗದೇ ಇದ್ದ ತಿದ್ದುಪಡಿ ಮಾತ್ರ ಅಲ್ಲೂ ಸಿಗಲ್ಲ.

ಬಗ್ ಯಾವಾಗ ಬಂತೆಂದು ಗೊತ್ತಾಗದಿದ್ದರೆ ಗಿಟ್ ಬೈಸೆಕ್ಟ್. ಒಂದು ಒಳ್ಳೆಯ ಕಮಿಟ್, ಒಂದು ಕೆಟ್ಟ ಕಮಿಟ್ ಕೊಟ್ಟರೆ ಅದು ನಡುವಿನದನ್ನು ತೆಗೆದು ಕೇಳುತ್ತಾ ಹೋಗುತ್ತದೆ. 1000 ಕಮಿಟ್ ಇದ್ದರೂ ಸುಮಾರು 10 ಸಲದಲ್ಲಿ ಸಿಕ್ಕಿಬಿಡುತ್ತದೆ. ಹಂತ 2ರಲ್ಲಿ ಸಣ್ಣ ಕಮಿಟ್ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 3000 ಸಾಲಿನ ಕಮಿಟ್‌ನಲ್ಲಿ ಬಗ್ ಇದೆ ಎಂದು ತಿಳಿದು ಏನು ಮಾಡುವುದು?

ಪಾಸ್‌ವರ್ಡ್ ಅಥವಾ ಎಪಿಐ ಕೀ ಪುಶ್ ಆಗಿಬಿಟ್ಟರೆ ಎಲ್ಲರ ಮೊದಲ ಯೋಚನೆ ಅದನ್ನು ಅಳಿಸುವುದು. ಸಾಲು ತೆಗೆದು ಇನ್ನೊಂದು ಕಮಿಟ್ ಹಾಕುತ್ತಾರೆ, ಉಸಿರು ಬಿಡುತ್ತಾರೆ. ಹಿಂದಿನ ಕಮಿಟ್ ತೆರೆದರೆ ಅದು ಅಲ್ಲೇ ಇದೆ. ಕ್ಲೋನ್ ಮಾಡಿದ ಎಲ್ಲರ ಬಳಿಯೂ ಇದೆ. ಇಲ್ಲಿ ಕ್ರಮ ಹೀಗೆ: ಮೊದಲು ಆ ಕೀ ರದ್ದು ಮಾಡಿಸಿ ಹೊಸದು ತೆಗೆದುಕೊಳ್ಳಿ. ಎರಡನೆಯದು, ಭದ್ರತೆ ನೋಡಿಕೊಳ್ಳುವವರಿಗೆ ತಿಳಿಸಿ. ಹಳೆಯ ಕೀ ಯಾರಾದರೂ ಬಳಸಿದ್ದಾರಾ ಎಂದು ಲಾಗ್ ನೋಡಬೇಕಾದವರು ಅವರು. ಇತಿಹಾಸ ತೊಳೆಯುವ ಕೆಲಸ ಮೂರನೆಯದು. ಅದನ್ನು ಒಬ್ಬರೇ ರಾತ್ರೋರಾತ್ರಿ ಮಾಡುವಂತಿಲ್ಲ. ಎಲ್ಲರ ಪ್ರತಿಯೂ ಬದಲಾಗಬೇಕು, ಹಾಗಾಗಿ ಟೀಮ್‌ಗೆ ಹೇಳಿ, ಒಂದು ಸಮಯ ಗೊತ್ತು ಮಾಡಿ, ಎಲ್ಲರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳುವ ಹಾಗೆ ನೋಡಿಕೊಳ್ಳಿ. ಕೀ ರದ್ದಾಗಿದ್ದರೆ ಈ ಮೂರನೆಯದು ನಾಳೆ ಆದರೂ ನಡೆಯುತ್ತದೆ.